ಹಸಿರಿಗೆ ಎಕರೆಯ ಲೆಕ್ಕ ಸಾಲದು, ಬಾಗಿಲೂ ತೆರೆದಿರಬೇಕು

ಬೆಂಗಳೂರು: ಉದ್ಯಾನನಗರಿಯ ಹಸಿರಿನ ಮಾತು ಬಂದಾಗಲೆಲ್ಲ ಎಕರೆಗಳ ಲೆಕ್ಕ ಮುಂದಾಗುತ್ತದೆ. 1760ರಲ್ಲಿ ಹೈದರಾಲಿ ಆರಂಭಿಸಿದ ಲಾಲ್‌ಬಾಗ್‌ನ ವಿಸ್ತೀರ್ಣ 240 ಎಕರೆ. 1870ರಲ್ಲಿ ರೂಪುಗೊಂಡ ಕಬ್ಬನ್ ಉದ್ಯಾನದ್ದು ಸುಮಾರು 300 ಎಕರೆ. ಆದರೆ ನಗರದ ಅಂಚಿನ ಬಡಾವಣೆಗಳಲ್ಲಿ ವಾಸಿಸುವವರಿಗೆ ಇವು ರಜಾದಿನದ ತಾಣಗಳೇ ಹೊರತು ನಿತ್ಯದ ವಿಹಾರಸ್ಥಳಗಳಲ್ಲ. ಮಕ್ಕಳು ಆಡಲು, ಹಿರಿಯರು ನಾಲ್ಕು ಹೆಜ್ಜೆ ಹಾಕಲು ಬೇಕಾದುದು ಮನೆಯಿಂದ ನಡೆದೇ ತಲುಪಬಹುದಾದ ಪುಟ್ಟ ಉದ್ಯಾನ.

ಕಾನೂನು ಏನು ಹೇಳುತ್ತದೆ?

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ, 1976ರ ಪ್ರಕಾರ ಪ್ರಾಧಿಕಾರದ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ 15ರಷ್ಟನ್ನು ಉದ್ಯಾನ ಹಾಗೂ ಆಟದ ಮೈದಾನಕ್ಕೆ ಮೀಸಲಿಡಬೇಕು. ನಾಗರಿಕ ಸೌಲಭ್ಯಗಳಿಗೆ ಪ್ರತ್ಯೇಕವಾಗಿ ಕನಿಷ್ಠ ಶೇ 10ರಷ್ಟು ಜಾಗ ಬಿಡಬೇಕು. ಅಂದರೆ ಆಸ್ಪತ್ರೆ, ಶಾಲೆಗಳ ಅಗತ್ಯವನ್ನು ಮುಂದಿಟ್ಟು ಉದ್ಯಾನವನ್ನು ಕಿತ್ತುಕೊಳ್ಳುವಂತಿಲ್ಲ.

ಈ ನಿಯಮ ನ್ಯಾಯಾಲಯದಲ್ಲಿ ಪರೀಕ್ಷೆಗೊಳಗಾದದ್ದೂ ಬೆಂಗಳೂರಿನಲ್ಲಿಯೇ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ್ದ ಜಾಗವನ್ನು ಸರ್ಕಾರದ ಆದೇಶದ ಮೇರೆಗೆ ಖಾಸಗಿ ಆಸ್ಪತ್ರೆಗೆ ಹಂಚಲಾಗಿತ್ತು. ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಉದ್ಯಾನ ಸಾರ್ವಜನಿಕರ ಹಕ್ಕಿನ ಜಾಗ, ಅದನ್ನು ಉಳಿಸಿಕೊಳ್ಳಲು ಬಡಾವಣೆಯ ನಿವಾಸಿಗಳು ದಾವೆ ಹೂಡಬಹುದು ಎಂಬುದು ಆ ತೀರ್ಪಿನ ಸಾರ.

ಬೀಗದ ಸಮಸ್ಯೆ

ಜಾಗ ಉಳಿದ ಮಾತ್ರಕ್ಕೆ ಸಮಸ್ಯೆ ಮುಗಿಯದು. ಬೆಂಗಳೂರಿನ ಪಾಲಿಕೆ ಉದ್ಯಾನಗಳು ಬಹುಕಾಲ ಬೆಳಿಗ್ಗೆ ಮತ್ತು ಸಂಜೆ ಮಾತ್ರ ತೆರೆದಿದ್ದು, ನಡುಹಗಲು ಮುಚ್ಚಿರುತ್ತಿದ್ದವು. ವಾಯುವಿಹಾರಿಗಳಿಗೆ ಇದರಿಂದ ತೊಂದರೆಯಿರಲಿಲ್ಲ. ಬಿಸಿಲಿನಲ್ಲಿ ತಿರುಗುವ ಬೀದಿ ವ್ಯಾಪಾರಿ, ಮನೆಗೆಲಸ ಮುಗಿಸಿ ಮರಳುವ ಮಹಿಳೆ, ಆಹಾರ ತಲುಪಿಸುವ ಯುವಕ ಮಾತ್ರ ನೆರಳು ಕಣ್ಣೆದುರಿಗಿದ್ದರೂ ಹೊರಗೇ ನಿಲ್ಲಬೇಕಿತ್ತು. ನೆರಳು ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಬಾಗಿಲಿಗೆ ಬೀಗ! 2024ರ ಜೂನ್‌ನಲ್ಲಿ ಪಾಲಿಕೆಯು ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶಿಸಿತು.

ಆದೇಶ ಜಾರಿಯಾಗಲು ಕಾವಲುಗಾರ, ದೀಪ, ಕುಡಿಯುವ ನೀರು, ಶೌಚಾಲಯ ಬೇಕು. ದೀಪವಿಲ್ಲದ ಉದ್ಯಾನಕ್ಕೆ ರಾತ್ರಿ ಮಹಿಳೆಯರು ಕಾಲಿಡಲಾರರು. ಗಾಲಿಕುರ್ಚಿ ನುಸುಳದ ತಿರುಗುಬಾಗಿಲು ಅಂಗವಿಕಲರ ಪಾಲಿಗೆ ಬೀಗವೇ ಸರಿ.

ಹುಬ್ಬಳ್ಳಿ, ಮಂಗಳೂರು, ಮೈಸೂರುಗಳೂ ಇಂದು ಹೊಸ ಬಡಾವಣೆಗಳ ಮೂಲಕ ಬೆಳೆಯುತ್ತಿವೆ. ನಿವೇಶನ ಕೊಳ್ಳುವವರು ಅನುಮೋದಿತ ನಕ್ಷೆಯಲ್ಲಿ ಉದ್ಯಾನದ ಜಾಗ ಯಾವುದೆಂದು ಮೊದಲೇ ನೋಡಿಕೊಳ್ಳುವುದು ಒಳಿತು. ಅಲ್ಲಿ ಕಟ್ಟಡದ ಪಾಯ ತೆಗೆಯುವ ಮುನ್ನವೇ ಪ್ರಶ್ನಿಸುವುದು ಸುಲಭ.