ಗೋಧಿಯು ಒಗ್ಗದ ಮಕ್ಕಳು

ತುಮಕೂರು, ಗುಬ್ಬಿ, ಕುಣಿಗಲು ಸೀಮೆಗಳು ರಾಗಿಯ ನಾಡೆಂಬುದನ್ನು ಅರಿಯದವರಾರು? ರಾಗಿಯನ್ನು ನೆನೆಯಿಸಿ, ಮೊಳೆಯಿಸಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಸರಿಯನ್ನು ಎದೆಹಾಲಿನೊಡನೆ ಶಿಶುವಿಗೆ ಉಣಿಸುವುದು ನಮ್ಮ ಅಜ್ಜಿಯರ ವಾಡಿಕೆಯಾಗಿದ್ದಿತು. ಈಚೆಗೆ ಹಾಲಿನಲ್ಲಿ ಅದ್ದಿದ ಬಿಸ್ಕತ್ತು, ರೊಟ್ಟಿ, ರವೆಯ ಗಂಜಿಗಳು ಆ ಸ್ಥಾನಕ್ಕೆ ಬಂದಿರುವುವು. ಬಹುಮಂದಿ ಮಕ್ಕಳಿಗೆ ಗೋಧಿಯು ಒಳ್ಳೆಯ ಆಹಾರವೇ ಸರಿ. ಕೆಲವರಿಗೆ ಮಾತ್ರ ಅದು ಒಗ್ಗದು.

ಕೆಲವು ವರ್ಷಗಳ ಕೆಳಗೆ ಕುಣಿಗಲು ಕಡೆಯ ಬಾಲೆಯೊಬ್ಬಳು ನಮ್ಮ ವಿದ್ಯಾರ್ಥಿನಿಲಯಕ್ಕೆ ಬಂದಳು. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಮುಖದಲ್ಲಿ ರಕ್ತವಿಲ್ಲ, ಹೊಟ್ಟೆಯುಬ್ಬರ, ಪದೇ ಪದೇ ಭೇದಿ. ಜಂತುಹುಳುವಿನ ಔಷಧವನ್ನೂ ಕಬ್ಬಿಣದ ಮಾತ್ರೆಗಳನ್ನೂ ಕೊಡಿಸಿದೆವು, ಗುಣ ಕಾಣಲಿಲ್ಲ. ಚಪಾತಿಯ ದಿನ ಅವಳು ತಟ್ಟೆಯನ್ನು ಸರಿಸಿದರೆ, ಇದು ಹಟವೆಂದೆಣಿಸಿ, ನಾವೇ ಎದುರಿಗೆ ನಿಂತು ತಿನ್ನಿಸಿದೆವು. ರಕ್ತಪರೀಕ್ಷೆಯೂ ಕರುಳಿನ ಪರೀಕ್ಷೆಯೂ ಆದ ಮೇಲೆ ಅದು ಸೀಲಿಯಕ್ ರೋಗವೆಂದು ವೈದ್ಯರು ತಿಳಿಸಿದ ದಿನ ನಮಗಾದ ನಾಚಿಕೆಯು ಇನ್ನೂ ಹೋಗಿಲ್ಲ.

ಗೋಧಿ, ಬಾರ್ಲಿಗಳಲ್ಲಿ ಗ್ಲುಟೆನ್ ಎಂಬ ಪದಾರ್ಥವುಂಟು; ಕಣಕವು ಹರಿಯದೆ ಹಿಗ್ಗುವುದು ಇದರಿಂದಲೇ. ಈ ರೋಗವುಳ್ಳವರಲ್ಲಿ ಗ್ಲುಟೆನ್ ಒಳಹೊಕ್ಕೊಡನೆ ದೇಹದ ರಕ್ಷಣಾಶಕ್ತಿಯು ತನ್ನ ಸಣ್ಣ ಕರುಳಿನ ಮೇಲೆಯೇ ತಿರುಗಿ ಬೀಳುವುದು. ಅನ್ನಸಾರವನ್ನು ಹೀರುವ, ಮಖಮಲ್ಲಿನಂತಹ ಒಳಮೈಯು ಸವೆದುಹೋಗುವುದು. ಉಂಡರೂ ಮೈಗೆ ಹತ್ತದು. ಹಾಲೆಂಡಿನ ಮಕ್ಕಳ ವೈದ್ಯರಾದ ಡಿಕ್ಕೆಯವರು ಮೊದಲೇ ಗೋಧಿಯ ಮೇಲೆ ಸಂಶಯಪಟ್ಟಿದ್ದರು. 1944-45ರ ಕ್ಷಾಮದಲ್ಲಿ ರೊಟ್ಟಿ ದೊರೆಯದಾದ ಕಾಲದ ಅನುಭವವು ಅದನ್ನು ಬಲಪಡಿಸಿತು. 1950ರಲ್ಲಿ ಅವರು ಈ ವಿಷಯವಾಗಿ ಪ್ರಬಂಧವನ್ನು ಪ್ರಕಟಿಸಿದರು.

ಹಾಗಾದರೆ ಯಾವ ಮಕ್ಕಳಿಗೆ ಇದು ಬರುವುದು? ಮೊದಲನೆಯದು ವಂಶ. ತಂದೆತಾಯಿಗಳಿಗಾಗಲಿ ಒಡಹುಟ್ಟಿದವರಿಗಾಗಲಿ ಇದ್ದರೆ ಸಂಭವ ಹೆಚ್ಚು. ಎಳವೆಯಲ್ಲಿ ಮೇಲಿಂದ ಮೇಲೆ ತಗಲುವ ಕರುಳಿನ ಸೋಂಕುಗಳಿಗೂ ಇದಕ್ಕೂ ಸಂಬಂಧವುಂಟೆಂದು ಕೆಲವು ಶೋಧನೆಗಳು ಸೂಚಿಸಿವೆ. ಆಹಾರದ ವಿಚಾರವು ಅಷ್ಟು ಸುಲಭವಲ್ಲ. ಸ್ವೀಡನ್ ದೇಶದಲ್ಲಿ 1980ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಎರಡು ವರ್ಷದೊಳಗಿನ ಕೂಸುಗಳಲ್ಲಿ ಈ ರೋಗವು ಬಹಳವಾಗಿ ಹೆಚ್ಚಿ, ತರುವಾಯ ಇಳಿಯಿತು. ಎದೆಹಾಲನ್ನು ಬಿಡಿಸಿದ ಮೇಲೆ ಒಮ್ಮೆಗೇ ಬಹಳ ಹಿಟ್ಟು ಉಣಿಸಿದ್ದೇ ಕಾರಣವಿರಬಹುದೆಂದು ಎಣಿಸಿದರು. ಆದರೆ 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಗೋಧಿಯನ್ನು ಬೇಗ ಕೊಟ್ಟರೂ ತಡವಾಗಿ ಕೊಟ್ಟರೂ ರೋಗವನ್ನು ತಪ್ಪಿಸಲಾಗಲಿಲ್ಲ. ಎದೆಹಾಲೂ ಇದೊಂದನ್ನು ತಡೆಯಿತೆಂದು ಕಾಣಲಿಲ್ಲ. ಅದರ ಉಳಿದ ಗುಣಗಳು ಅಪಾರವಾದುದರಿಂದ ತಾಯಂದಿರು ಎದೆಗುಂದತಕ್ಕದ್ದಿಲ್ಲ. 2019ರ ಮತ್ತೊಂದು ಶೋಧನೆಯಲ್ಲಿ, ವಂಶದ ಒಲವುಳ್ಳ ಮಕ್ಕಳು ಮೊದಲ ಐದು ವರ್ಷಗಳಲ್ಲಿ ತಿಂದ ಗ್ಲುಟೆನ್ನಿನ ಪ್ರಮಾಣವು ಹೆಚ್ಚಿದಂತೆ ರೋಗವೂ ಹೆಚ್ಚಿದುದು ತೋರಿತು.

ನಮ್ಮ ಸೀಮೆಯವರು ಗಮನಿಸತಕ್ಕ ಸಂಗತಿಯು ಇನ್ನೊಂದುಂಟು. ಭಾರತದ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಉತ್ತರದಲ್ಲಿ ಸಾವಿರಕ್ಕೆ ಸುಮಾರು 12 ಮಂದಿಯ ರಕ್ತದಲ್ಲಿಯೂ ದಕ್ಷಿಣದಲ್ಲಿ ಒಬ್ಬರ ರಕ್ತದಲ್ಲಿಯೂ ಈ ರೋಗವನ್ನು ಸೂಚಿಸುವ ಪ್ರತಿಕಾಯಗಳು ಕಂಡುಬಂದುವು. ವಂಶದ ಒಲವಾದರೋ ಎರಡು ಕಡೆಯೂ ಮೂರರಲ್ಲೊಬ್ಬರಿಗಿಂತ ಹೆಚ್ಚಿನವರಲ್ಲಿ ಇದ್ದಿತು! ಭೇದವಿದ್ದುದು ಊಟದಲ್ಲಿ: ಅಲ್ಲಿ ದಿನಕ್ಕೆ ಸರಾಸರಿ ಸುಮಾರು 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಬೀಜವು ನಮ್ಮ ಮಕ್ಕಳಲ್ಲಿಯೂ ಇರುವುದೆಂದಾಯಿತು. ಇಲ್ಲಿ ಈ ರೋಗವು ಅಪರೂಪವೆಂಬ ಕಾರಣದಿಂದಲೇ ಯಾರಿಗೂ ಅದರ ಸಂಶಯ ಬಾರದೆ, ಮಗುವಿನ ವರ್ಷಗಳು ಕಳೆದುಹೋಗುವುವು.

ಇದನ್ನೋದಿ ಮನೆಯ ಗೋಧಿಯನ್ನೆಲ್ಲ ಹೊರಗೆಸೆಯಬಾರದು. ಸಂಶಯವಿದ್ದಲ್ಲಿಯೂ ಪರೀಕ್ಷೆಗೆ ಮುಂಚೆ ಗೋಧಿಯನ್ನು ನಿಲ್ಲಿಸತಕ್ಕದ್ದಲ್ಲ. ನಿಲ್ಲಿಸಿದರೆ ಪರೀಕ್ಷೆಯಲ್ಲಿ ರೋಗವು ಮರೆಯಾಗಬಹುದು. ಖಚಿತವಾದ ಮೇಲೆ ಮಾತ್ರ ಜನ್ಮವಿಡೀ ಬಿಡಬೇಕು.

ನಮ್ಮ ಬಾಲೆಗೆ ರಾಗಿಮುದ್ದೆ, ಅಕ್ಕಿರೊಟ್ಟಿ, ಜೋಳದ ರೊಟ್ಟಿಗಳೇ ಔಷಧವಾದುವು. ಒಂದು ವರ್ಷದೊಳಗೆ ಅವಳ ಲಂಗಗಳೆಲ್ಲ ಗಿಡ್ಡವಾದುವು. ಅವಳಿಗಾಗಿ ಬೇರೆ ಕಾವಲಿಯನ್ನೇ ಇಟ್ಟೆವು. ಆದರೂ ಸಾರಿನ ದಿನ ಕೆಲವೊಮ್ಮೆ ಹೊಟ್ಟೆನೋವೆನ್ನುತ್ತಿದ್ದಳು. ಅಂಗಡಿಯ ಹಿಂಗಿನ ಡಬ್ಬಿಯನ್ನು ತಿರುಗಿಸಿ ನೋಡಿದರೆ, ಅದರಲ್ಲಿಯೂ ಗೋಧಿಹಿಟ್ಟು ಬೆರೆತಿದ್ದಿತು. ಅಂದಿನಿಂದ ನಮ್ಮ ಅಡಿಗೆಯಾಕೆಯು ಒಗ್ಗರಣೆಗೆ ಬೆಳ್ಳುಳ್ಳಿಯನ್ನೇ ಹಾಕುವಳು.