ಚಲಚ್ಚಿತ್ರ ಪ್ರೇಕ್ಷಕನ ಮಾತು: ಅದರ ಬೆಲೆ ಮತ್ತು ಹೊಣೆ

ಚಲಚ್ಚಿತ್ರವೊಂದನ್ನು ನೋಡಿ ಹೊರಬಂದವನು ಅದರ ವಿಷಯವನ್ನು ಇನ್ನೊಬ್ಬರಿಗೆ ಹೇಳದೆ ಇರಲಾರನು. ಇದು ಮನುಷ್ಯಸ್ವಭಾವ. ರಾತ್ರಿಯೆಲ್ಲ ಯಕ್ಷಗಾನದ ಆಟ ನೋಡಿ, ಮರುದಿನ ಗದ್ದೆಯ ಬದುವಿನ ಮೇಲೆ ನಿಂತು ಭಾಗವತರ ಪದದ ಗುಣದೋಷಗಳನ್ನು ಎಣಿಸಿದ ಹಿರಿಯರ ಮಕ್ಕಳು ಮೊಮ್ಮಕ್ಕಳೇ ಇಂದು ಡೊಂಬಿವಲಿಯ ರೈಲ್ವೆ ಫಲಾಟದ ಮೇಲೆ ನಿಂತು ನಿನ್ನೆ ಕಂಡ ಚಿತ್ರದ ಮಾತನಾಡುತ್ತಾರೆ. ಮೇಲ್ನೋಟಕ್ಕೆ ಇದು ಕಾಲಹರಣದ ಮಾತೆಂದು ತೋರೀತು. ಆದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲಸಿರುವ ಕನ್ನಡಿಗರ ಮಟ್ಟಿಗೆ ಈ ಮಾತಿಗೆ ಬೆಂಗಳೂರು ಮೈಸೂರುಗಳಲ್ಲಿ ಇಲ್ಲದ ಒಂದು ಬೆಲೆಯಿದೆ. ಆ ಕಾರಣದಿಂದಲೇ ಅದಕ್ಕೆ ಒಂದು ಹೊಣೆಯೂ ಇದೆ. ಆ ಬೆಲೆ ಯಾವುದು, ಆ ಹೊಣೆ ಯಾವುದು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳದ ವಿಷಯ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ರೈಲು ಓಡಿತು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. 1970ರಲ್ಲಿ ಸಿಡ್ಕೋ ಸಂಸ್ಥೆ ಸ್ಥಾಪಿತವಾಗಿ ಖಾಡಿಯ ಆಚೆ ನವಿಮುಂಬಯಿ ರೂಪುಗೊಳ್ಳತೊಡಗಿತು. 1992ರಲ್ಲಿ ಮಾನಖುರ್ದಿನಿಂದ ವಾಶಿಗೆ ರೈಲು ಬಂತು. ಮುಂಬಯಿಯ ಕಿರುಕೋಣೆಗಳಲ್ಲಿ ಸಂಸಾರ ಹೂಡಿದ್ದ ನಮ್ಮ ಜನರಲ್ಲಿ ಅನೇಕರು ಮನೆಯ ಬೆಲೆ ಏರಿದಂತೆಲ್ಲ ಈ ಹಳಿಗಳ ಗುಂಟ ಹೊರಕ್ಕೆ ಸರಿದರು. ಉಡುಪಿ, ದಕ್ಷಿಣ ಕನ್ನಡಗಳಿಂದ ಹೋಟೆಲಿನ ಉದ್ಯಮಕ್ಕೆಂದು ಬಂದವರು, ಉತ್ತರ ಕರ್ನಾಟಕದಿಂದ ಕಚೇರಿ, ಕಾರಖಾನೆ, ಕಟ್ಟಡಗಳ ಕೆಲಸಕ್ಕೆಂದು ಬಂದವರು, ಎಲ್ಲರೂ ಇಲ್ಲಿದ್ದಾರೆ; ಆದರೆ ಒಂದೇ ಪೇಟೆಯಲ್ಲಿ ಒತ್ತಾಗಿ ಇಲ್ಲ, ಚೆದರಿ ಇದ್ದಾರೆ.

ಕನ್ನಡ ಚಿತ್ರಕ್ಕೂ ಮರಾಠಿ ನೆಲಕ್ಕೂ ನಂಟು ಹಳೆಯದು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತೀ ಸುಲೋಚನ’ದ ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ. ಇರಲಿ. ನೋಡುವವರ ಪಾಡು ಮಾತ್ರ ಸುಲಭದ್ದಾಗಿರಲಿಲ್ಲ. ಒಂದು ಕಾಲದಲ್ಲಿ ಮಾಟುಂಗದ ಅರೋರಾ ಚಿತ್ರಮಂದಿರ ದಕ್ಷಿಣದ ಭಾಷೆಗಳ ಚಿತ್ರಗಳಿಗೆ ಹೆಸರಾಗಿತ್ತು. ಕಲ್ಯಾಣದಿಂದ ಅಲ್ಲಿಗೆ 40 ಕಿಲೋಮೀಟರಿಗೂ ಮಿಕ್ಕ ದಾರಿ. ವಾರದ ಆರು ದಿನ ಅದೇ ಹಳಿಯ ಮೇಲೆ ದುಡಿಮೆಗೆ ಹೋಗಿಬಂದವನು ಏಳನೆಯ ದಿನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮತ್ತೆ ರೈಲು ಹತ್ತಬೇಕಾದರೆ, ‘ಹೋಗಿ ಬನ್ನಿ, ಮೋಸವಿಲ್ಲ’ ಎಂದು ನಂಬುವಂಥ ಒಬ್ಬರು ಹೇಳಬೇಕಾಗಿತ್ತು. ಪತ್ರಿಕೆಯ ಜಾಹೀರಾತಿನಿಂದ ಆ ಕೆಲಸ ಆಗುತ್ತಿರಲಿಲ್ಲ.

ಇಂದು ಮಲ್ಟಿಪ್ಲೆಕ್ಸುಗಳು ಮನೆಯ ಹತ್ತಿರಕ್ಕೇ ಬಂದಿವೆ. ಆದರೂ ಮಾತಿನ ಬೆಲೆ ಕಡಿಮೆಯಾಗಿಲ್ಲ, ಹೆಚ್ಚಿದೆ. ಇದಕ್ಕೆ ಕಾರಣ ಪ್ರದರ್ಶನದ ವ್ಯವಹಾರದಲ್ಲಿಯೇ ಇದೆ. ಹೊಸ ಚಿತ್ರ ಸಾಮಾನ್ಯವಾಗಿ ಶುಕ್ರವಾರ ತೆರೆಗೆ ಬರುತ್ತದೆ. ಶುಕ್ರ, ಶನಿ, ರವಿವಾರಗಳ ಹುಟ್ಟುವಳಿಯನ್ನು ನೋಡಿಕೊಂಡು ಮಂದಿರದವರು ಮುಂದಿನ ವಾರದ ಆಟಗಳನ್ನು ಗೊತ್ತುಮಾಡುತ್ತಾರೆ. 2009ರಲ್ಲಿ ಹಿಂದಿ ಚಿತ್ರಗಳ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸಿನ ಒಡೆಯರಿಗೂ ಜಗಳ ಹತ್ತಿ ಕೊನೆಗೆ ಆದ ಒಪ್ಪಂದದಲ್ಲಿ, ಚಿತ್ರ ಒದಗಿಸುವವರ ಪಾಲು ಮೊದಲ ವಾರ ಶೇಕಡಾ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಅನಂತರ 30 ಎಂದು ನಿಶ್ಚಯವಾಯಿತು. ಈ ಅಂಕಿಗಳ ಇಳಿತವೇ ವ್ಯವಹಾರದ ಲಕ್ಷಣವನ್ನು ಹೇಳುತ್ತದೆ: ಚಿತ್ರದ ಬಾಳೆಲ್ಲ ಮೊದಲ ವಾರದಲ್ಲಿಯೇ. ದೊಡ್ಡ ಹಿಂದಿ ಚಿತ್ರಕ್ಕೆ ದಿನಕ್ಕೆ ಹತ್ತಾರು ಆಟಗಳಿರುವಾಗ ಒಂದು ಆಟ ಬರಿದಾದರೆ ನಷ್ಟವಿಲ್ಲ. ಒಂದೋ ಎರಡೋ ಆಟ ದೊರೆತ ಕನ್ನಡ ಚಿತ್ರಕ್ಕೆ ಆ ರವಿವಾರವೇ ಪರೀಕ್ಷೆ. ‘ಚಿತ್ರ ಚೆನ್ನಾಗಿದೆ’ ಎಂಬ ಮಾತು ಶುಕ್ರವಾರದ ಪ್ರೇಕ್ಷಕನಿಂದ ರವಿವಾರದೊಳಗೆ ಠಾಣೆಯಿಂದ ಕಲ್ಯಾಣಕ್ಕೆ, ಐರೋಲಿಯಿಂದ ನೆರೂಳಿಗೆ ಮುಟ್ಟದಿದ್ದರೆ, ಸೋಮವಾರ ಮುಟ್ಟಿ ಪ್ರಯೋಜನವಿಲ್ಲ. ಆ ವೇಳೆಗೆ ಆಟವೇ ಎದ್ದುಹೋಗಿರುತ್ತದೆ.

ಮಾತು ಸಕಾಲದಲ್ಲಿ ಮುಟ್ಟಿದರೆ ಏನಾಗಬಹುದೆಂಬುದಕ್ಕೆ ‘ಕಾಂತಾರ’ ಒಳ್ಳೆಯ ನಿದರ್ಶನ. ರಿಷಬ್ ಶೆಟ್ಟರ ಈ ಚಿತ್ರ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ತೆರೆಕಂಡಿತು; ನೋಡಿದವರ ಹೊಗಳಿಕೆ ಹೊರರಾಜ್ಯಗಳಿಗೆ ಹಬ್ಬಿ, ಅಕ್ಟೋಬರ್ 14ರಂದು ಅದರ ಹಿಂದಿ ಅವತರಣಿಕೆ ಬಿಡುಗಡೆಯಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪಂಜುರ್ಲಿ, ಗುಳಿಗ ಎಂಬ ದೈವಗಳ ಹೆಸರನ್ನೇ ಕೇಳದ ನೆರೆಯ ಮರಾಠಿಗನಿಗೆ ಭೂತದ ಕೋಲವೆಂದರೇನು, ದೈವದ ನುಡಿಗೆ ಊರಿನಲ್ಲಿ ಎಂಥ ಅಧಿಕಾರವಿದೆ ಎಂಬುದನ್ನು ತಿಳಿಸಬಲ್ಲವನು ತುಳುನಾಡಿನಿಂದ ಬಂದ ಕನ್ನಡಿಗನೇ. ಅವನು ಚಿತ್ರವನ್ನು ಮೆಚ್ಚಿದುದರ ಜೊತೆಗೆ ಅದರ ಒಳಗಿನ ಲೋಕಕ್ಕೆ ಬಾಗಿಲನ್ನೂ ತೆರೆದುಕೊಡಬಲ್ಲನು. ಪರನಾಡಿನಲ್ಲಿರುವ ಪ್ರೇಕ್ಷಕನ ಅಭಿಪ್ರಾಯಕ್ಕೆ ಇರುವ ವಿಶೇಷ ಬೆಲೆ ಇದು.

ಇನ್ನು ಹೊಣೆಯ ವಿಷಯ. ಅಭಿಪ್ರಾಯವೆಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಮೂರು ಬೇರೆ ಬೇರೆ ಮಾತುಗಳು ಬೆರೆತಿರುತ್ತವೆ. ಮೊದಲನೆಯದು ವರದಿ: ಚಿತ್ರದಲ್ಲಿ ಏನಿದೆ ಎಂಬುದು. ಎರಡನೆಯದು ನಿರ್ಣಯ: ಅದು ಒಳ್ಳೆಯದೋ ಅಲ್ಲವೋ, ಏಕೆ ಎಂಬುದು. ಮೂರನೆಯದು ಶಿಫಾರಸು: ಕೇಳುವಾತ ಅದನ್ನು ನೋಡಬೇಕೋ ಬೇಡವೋ ಎಂಬುದು. ಇವು ಮೂರನ್ನೂ ಒಂದೇ ಉಸಿರಿನಲ್ಲಿ ‘ಸೊಗಸಾಗಿದೆ’ ಎಂದೋ ‘ಬರಿ ದಂಡ’ ಎಂದೋ ಮುಗಿಸಿಬಿಡುವುದರಿಂದ ಗೊಂದಲ ಹುಟ್ಟುತ್ತದೆ.

ನಿಶಿಕಾಂತ ಕಾಮತರು ನಿರ್ದೇಶಿಸಿದ 2005ರ ಮರಾಠಿ ಚಿತ್ರ ‘ಡೊಂಬಿವಲಿ ಫಾಸ್ಟ್’ ಅನ್ನು ತೆಗೆದುಕೊಳ್ಳೋಣ. ಮಾಧವ ಆಪ್ಟೆ ಎಂಬ ಡೊಂಬಿವಲಿಯ ಬ್ಯಾಂಕ್ ನೌಕರ ಸುತ್ತಲಿನ ಲಂಚ, ಅನ್ಯಾಯಗಳನ್ನು ಸಹಿಸಿ ಸಹಿಸಿ ಒಂದು ದಿನ ಸಿಡಿದೇಳುತ್ತಾನೆ ಎಂಬುದು ವರದಿ. ದಿನವೂ ಲೋಕಲ್ ಗಾಡಿಯಲ್ಲಿ ನುರಿಯುವ ಮಧ್ಯಮವರ್ಗದವನ ಸಿಟ್ಟನ್ನು ಅದು ನಿಜವಾಗಿ ಹಿಡಿದಿದೆ, ಆದರೆ ಅವನು ಹಿಡಿದ ದಾರಿಗೆ ಉತ್ತರವನ್ನು ಪ್ರೇಕ್ಷಕನಿಗೇ ಬಿಡುತ್ತದೆ ಎಂಬುದು ನಿರ್ಣಯ. ದಿನದ ಜಂಜಾಟವನ್ನು ಮರೆಯಲೆಂದು ಚಿತ್ರಮಂದಿರಕ್ಕೆ ಹೋಗುವವರಿಗೆ ಇದು ತಕ್ಕುದಲ್ಲ, ಅದನ್ನು ಕಣ್ಣಿಟ್ಟು ನೋಡಬಯಸುವವರಿಗೆ ತಕ್ಕುದು ಎಂಬುದು ಶಿಫಾರಸು. ಆ ಚಿತ್ರ ಶ್ರೇಷ್ಠ ಮರಾಠಿ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು ನಿಜ; ಪ್ರಶಸ್ತಿ ನಿರ್ಣಯಕ್ಕೆ ಬೆಂಬಲವಾದೀತು, ಶಿಫಾರಸಿಗೆ ಸಾಲದು. ಹಾಗೆಯೇ ರಾಮ್ ರೆಡ್ಡಿಯವರ ‘ತಿಥಿ’ 2015ರ ಲೊಕಾರ್ನೊ ಉತ್ಸವದಲ್ಲಿ ಮನ್ನಣೆ ಪಡೆದ ಚಿತ್ರ. ಅದರ ಪಾತ್ರಧಾರಿಗಳಲ್ಲಿ ಬಹುಪಾಲು ಮಂಡ್ಯ ಸೀಮೆಯ ಹಳ್ಳಿಗರು. ಮಾತು ಅಲ್ಲಿಯ ಆಡುಮಾತು. ಠಾಣೆಯಲ್ಲಿ ಹುಟ್ಟಿ ಬೆಳೆದ ಕುಂದಾಪುರದವರ ಮಗನಿಗೆ ಅದನ್ನು ಶಿಫಾರಸು ಮಾಡುವಾಗ, ಮೊದಲ ಕಾಲುಗಂಟೆ ಕಿವಿ ಹೊಂದಿಕೊಳ್ಳಬೇಕಾದೀತೆಂದು ಹೇಳಿಟ್ಟರೆ ಅವನು ನಡುವೆ ಎದ್ದುಬರಲಾರನು.

ಪರನಾಡಿನಲ್ಲಿ ಈ ವಿವೇಕಕ್ಕೆ ಅಡ್ಡಬರುವುದು ಒಂದು ಸದ್ಗುಣವೇ. ಅದು ಭಾಷಾಭಿಮಾನ. ‘ನಮ್ಮ ಚಿತ್ರ, ನಾವು ನೋಡದಿದ್ದರೆ ಇನ್ನಾರು ನೋಡಬೇಕು?’ ಎಂಬ ಮಾತಿನಲ್ಲಿ ತಪ್ಪಿಲ್ಲ. ಆದರೆ ಅದು ಚಿತ್ರದ ಮೇಲಿನ ಅಭಿಪ್ರಾಯವಲ್ಲ, ಕರ್ತವ್ಯದ ಕರೆ. ಇವೆರಡನ್ನು ಬೆರಸಿ, ಸಾಧಾರಣವಾದ ಚಿತ್ರವನ್ನೂ ಅದ್ಭುತವೆಂದು ಹೇಳಿದರೆ ಏನಾಗುತ್ತದೆ? ಶಿಫಾರಸು ಒಂದು ಬಗೆಯ ಜಾಮೀನು. ಜಾಮೀನು ನಿಂತವನ ಸಹಿಯನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ; ಕೇಳಿದವರಿಗೆಲ್ಲ ಸಹಿ ಹಾಕಿಕೊಡುವವನ ಜಾಮೀನಿಗೆ ಎರಡನೆಯ ಸಲ ಬೆಲೆಯಿರುವುದಿಲ್ಲ. ನಾಲ್ಕು ಮಂದಿಯ ಸಂಸಾರ ಕಲ್ಯಾಣದಿಂದ ಹೊರಟು ಠಾಣೆಯಲ್ಲಿ ಗಾಡಿ ಬದಲಿಸಿ ವಾಶಿಗೆ ಹೋಗಿ, ಟಿಕೇಟು ತಿಂಡಿಗಳಿಗೆ ಹಣ ತೆತ್ತು ಬೇಸರಪಟ್ಟು ಬಂದರೆ, ಮುಂದೆ ನಿಜವಾಗಿಯೂ ಒಳ್ಳೆಯ ಚಿತ್ರ ಬಂದಾಗ ಅವರು ಮನೆಯಿಂದ ಕದಲುವುದಿಲ್ಲ. ಮೇಲಾಗಿ ಆ ಮನೆಯ ಮಕ್ಕಳು ‘ಕನ್ನಡ ಚಿತ್ರವೆಂದರೆ ಹೀಗೆ’ ಎಂದು ತೀರ್ಮಾನಿಸಿಬಿಡುತ್ತಾರೆ. ಶಾಲೆಯಲ್ಲಿ ಮರಾಠಿ, ಇಂಗ್ಲಿಷು, ಬೀದಿಯಲ್ಲಿ ಹಿಂದಿ ಆಡುವ ಅವರಿಗೆ ಮನೆಯ ಹೊರಗೆ ಕನ್ನಡವನ್ನು ಎರಡೂವರೆ ಗಂಟೆ ಕೇಳುವ ಅವಕಾಶ ಇನ್ನೆಲ್ಲಿ ದೊರೆಯಬೇಕು? ಸುಳ್ಳು ಹೊಗಳಿಕೆಯ ನಷ್ಟವನ್ನು ಕೊನೆಗೆ ತೆರುವವರು ಅವರು.

ದೋಷ ಹೇಳುವುದು ದ್ರೋಹವೆಂದು ಭಾವಿಸುವವರು ನಮ್ಮ ಸಾಹಿತ್ಯದ ಮೊದಲನ್ನು ನೆನೆಯಬೇಕು. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಹುಟ್ಟಿದುದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅದರ ಮೊದಲ ಪರಿಚ್ಛೇದದ ವಿಷಯವೇ ಕಾವ್ಯದ ದೋಷಾದೋಷಗಳ ನಿರ್ಣಯ. ಅಲಂಕಾರಗಳು ಆಮೇಲೆ ಬರುತ್ತವೆ. ಅದೇ ಅಮೋಘವರ್ಷನ ಕಾಲದ, ಅವನ ಸಾಮಂತರಾದ ಕೊಂಕಣದ ಶಿಲಾಹಾರರ ಶಾಸನಗಳು ಠಾಣೆಗೆ ಹತ್ತಿರದ ಕಾನ್ಹೇರಿಯ ಗುಹೆಗಳಲ್ಲಿವೆ. ಆ ಅರಸನ ಆಳಿಕೆ ಈ ನೆಲದ ಮೇಲೂ ನಡೆದಿತ್ತು. ಆದುದರಿಂದ ಗುಣದೊಡನೆ ದೋಷವನ್ನೂ ಹೇಳುವ ಪದ್ಧತಿ ಇಲ್ಲಿಯ ಕನ್ನಡಿಗನಿಗೆ ಹೊರಗಿನದಲ್ಲ.

ನೋಡಿದುದನ್ನು ಕೂಡಿ ಚರ್ಚಿಸುವ ಅಭ್ಯಾಸಕ್ಕೂ ಹತ್ತಿರದ ಮೇಲ್ಪಂಕ್ತಿಗಳಿವೆ. 1952ರಲ್ಲಿ ನಮ್ಮ ದೇಶದ ಮೊದಲ ಅಂತಾರಾಷ್ಟ್ರೀಯ ಚಿತ್ರೋತ್ಸವ ಮುಂಬಯಿಯಲ್ಲಿ ನೆರವೇರಿತು. 1959ರಲ್ಲಿ ಸತ್ಯಜಿತ್ ರಾಯರ ಅಧ್ಯಕ್ಷತೆಯಲ್ಲಿ ಚಿತ್ರಸಮಾಜಗಳ ಒಕ್ಕೂಟ ಏರ್ಪಟ್ಟಿತು. 1968ರಲ್ಲಿ ಮುಂಬಯಿಯಲ್ಲಿ ಪ್ರಭಾತ ಚಿತ್ರ ಮಂಡಳ, 1973ರಲ್ಲಿ ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ ಚಿತ್ರಸಮಾಜ ಹುಟ್ಟಿದವು. ಅಡಿಕೆ ತೋಟದ ಹಳ್ಳಿಗರೂ ಜಗತ್ತಿನ ಚಿತ್ರಗಳನ್ನು ನೋಡಿ ವಿಚಾರಿಸಬಲ್ಲರೆಂಬುದನ್ನು ಹೆಗ್ಗೋಡು ತೋರಿಸಿತು. ಚಿತ್ರಸಮಾಜದ ಚರ್ಚೆ ನೋಡಿದವರ ನಡುವಿನದು. ಶಿಫಾರಸಾದರೋ ನೋಡಿದವನು ನೋಡದವನಿಗೆ ಹೇಳುವುದು. ಆದರೆ ಮೊದಲನೆಯದರಲ್ಲಿ ಪಳಗಿದವನ ನಾಲಗೆಗೆ ಎರಡನೆಯದರ ಹದ ತಾನಾಗಿ ಬರುತ್ತದೆ.

ಇದಕ್ಕೆ ದೊಡ್ಡ ಏರ್ಪಾಡೇನೂ ಬೇಕಿಲ್ಲ. ಈ ನಗರಗಳ ಕನ್ನಡ ಸಂಘಗಳು ತಿಂಗಳಿಗೊಮ್ಮೆ ಸದಸ್ಯರು ನೋಡಿದ ಒಂದು ಚಿತ್ರದ ಮೇಲೆ ಅರ್ಧ ಗಂಟೆಯ ಮಾತುಕತೆ ನಡೆಸಬಹುದು. ಮೆಚ್ಚಿದವರೊಬ್ಬರು, ಮೆಚ್ಚದವರೊಬ್ಬರು ಮಾತನಾಡಿದರೆ ಸಾಕು. ಶುಕ್ರವಾರದ ಆಟ ನೋಡಿದವರು ಆ ರಾತ್ರಿಯೇ ಪರಿಚಿತರಿಗೆ ದೂರವಾಣಿಯಲ್ಲಿ ಮೂರು ವಾಕ್ಯ ಹೇಳಬಹುದು: ಚಿತ್ರದಲ್ಲಿ ಏನಿದೆ, ಏನು ಹಿಡಿಸಿತು ಏನು ಹಿಡಿಸಲಿಲ್ಲ, ಯಾರು ನೋಡಿದರೆ ಸಂತೋಷಪಟ್ಟಾರು. ಕಥೆಯ ಕೊನೆಯನ್ನು ಮಾತ್ರ ಹೇಳದಿರಲಿ. ಕೆಲವು ತಿಂಗಳು ಹೀಗೆ ನಡೆದರೆ ಯಾರ ಮಾತನ್ನು ಎಷ್ಟು ನಂಬಬೇಕೆಂಬುದು ತಾನಾಗಿ ತಿಳಿದುಬರುತ್ತದೆ. ಬೇಡವೆನ್ನಬೇಕಾದಾಗ ಬೇಡವೆಂದವರ ಬಾಯಿಂದ ‘ಹೋಗಿ ಬನ್ನಿ’ ಎಂಬ ಮಾತು ಬಂದ ರವಿವಾರ, ಕಲ್ಯಾಣದ ಸಂಸಾರ ವಾಶಿಯ ಗಾಡಿ ಹತ್ತೀತು. ಮುಂದಿನ ಶುಕ್ರವಾರವೂ ಆ ಕನ್ನಡ ಚಿತ್ರಕ್ಕೆ ಒಂದು ಆಟ ಉಳಿದೀತು.