ಕ್ಯಾರವಾನ್ ವಿದ್ಯುತ್ ಜೋಡಣೆಯ ಹಾನಿ

ಕ್ಯಾರವಾನ್ ವಿದ್ಯುತ್ ಜೋಡಣೆ ಎಂಬುದು ಕಾರಿನ ಹಿಂದೆ ಎಳೆಯಲಾಗುವ ಕ್ಯಾರವಾನ್‌ಗೆ ಕಾರಿನಿಂದ ವಿದ್ಯುತ್ತನ್ನು ಒದಗಿಸುವ ಪ್ಲಗ್, ಸಾಕೆಟ್ ಮತ್ತು ತಂತಿಗಳ ವ್ಯವಸ್ಥೆ. ಇಲ್ಲಿ ಕ್ಯಾರವಾನ್ ಎಂದರೆ ಸ್ವಂತ ಎಂಜಿನ್ ಇಲ್ಲದ ವಸತಿ ಟ್ರೇಲರ್, ಮೋಟರ್‌ಹೋಮ್ ಅಲ್ಲ. ಈ ಜೋಡಣೆ ಕೆಟ್ಟರೆ ಕ್ಯಾರವಾನ್‌ನ ಬ್ರೇಕ್ ದೀಪ, ಹಿಂದೀಪ ಮತ್ತು ಇಂಡಿಕೇಟರ್‌ಗಳು ಆರಿಹೋಗುತ್ತವೆ. ಕಾರಿನ ದೀಪಗಳನ್ನು ಕ್ಯಾರವಾನ್ ಮರೆಮಾಡುವುದರಿಂದ, ಕಾರು ನಿಲ್ಲುತ್ತಿದೆಯೇ ತಿರುಗುತ್ತಿದೆಯೇ ಎಂಬುದು ಹಿಂದಿನ ವಾಹನಕ್ಕೆ ತಿಳಿಯುವುದೇ ಇಲ್ಲ. ಆ ಸ್ಥಿತಿಯಲ್ಲಿ ಪ್ರಯಾಣ ಮುಂದುವರಿಸುವುದು ಅಪಾಯಕಾರಿ ಮಾತ್ರವಲ್ಲ, ಕಾನೂನುಬಾಹಿರವೂ ಹೌದು.

ಪ್ಲಗ್‌ಗಳ ವಿಧ

ಯುರೋಪಿನಲ್ಲಿ 12 ವೋಲ್ಟ್‌ನ ಎರಡು ವ್ಯವಸ್ಥೆಗಳು ಬಳಕೆಯಲ್ಲಿವೆ. ಹಳೆಯದರಲ್ಲಿ ಏಳು ಪಿನ್‌ಗಳ ಎರಡು ಪ್ಲಗ್‌ಗಳಿರುತ್ತವೆ: ರಸ್ತೆ ದೀಪಗಳಿಗೆ ಕಪ್ಪು ಬಣ್ಣದ 12ಎನ್, ಒಳಗಿನ ಉಪಕರಣಗಳಿಗೆ 12ಎಸ್. ಹೊಸದಾದ 13 ಪಿನ್‌ಗಳ ಪ್ಲಗ್ (ಐಎಸ್ಒ 11446) ಈ ಎರಡರ ಕೆಲಸವನ್ನೂ ಒಂದೇ ಕೇಬಲ್‌ನಲ್ಲಿ ಮಾಡುತ್ತದೆ. ಇದರಲ್ಲಿ 1 ಮತ್ತು 4 ಎಡ ಹಾಗೂ ಬಲ ಇಂಡಿಕೇಟರ್, 2 ಮಂಜಿನ ದೀಪ, 5 ಮತ್ತು 7 ಬಲ ಹಾಗೂ ಎಡ ಹಿಂದೀಪ, 6 ಬ್ರೇಕ್ ದೀಪ, 8 ರಿವರ್ಸ್ ದೀಪ, 9 ನಿರಂತರ ವಿದ್ಯುತ್, 10 ಎಂಜಿನ್ ಚಾಲನೆಯಲ್ಲಿರುವಾಗ ಫ್ರಿಜ್‌ಗೆ ಹೋಗುವ ವಿದ್ಯುತ್. ಮೊದಲ ಎಂಟು ಪಿನ್‌ಗಳಿಗೆ 3ನೆಯದು ಅರ್ತ್. 9ಕ್ಕೆ 13, 10ಕ್ಕೆ 11.

ಹಾನಿಗೆ ಕಾರಣಗಳು

ಸಡಿಲವಾಗಿ ಜೋತುಬಿದ್ದ ಕೇಬಲ್ ರಸ್ತೆಗೆ ಉಜ್ಜಿ ಸವೆಯುವುದು ಅತಿ ಸಾಮಾನ್ಯ ಕಾರಣ. ಕೇಬಲ್ ತೀರಾ ಬಿಗಿಯಾಗಿದ್ದರೂ ತೊಂದರೆಯೇ: ಕಡಿದಾದ ತಿರುವಿನಲ್ಲಿ ಅದು ಪ್ಲಗ್‌ನಿಂದ ಕಿತ್ತುಬರುತ್ತದೆ. 13 ಪಿನ್‌ನ ಪ್ಲಗ್ಗನ್ನು ಪೂರ್ತಿ ತಿರುಗಿಸಿ ಬಿಗಿಗೊಳಿಸದಿದ್ದರೆ, ಹೊರಡುವಾಗ ದೀಪಗಳೆಲ್ಲ ಉರಿದು ಮೊದಲ ಹಳ್ಳದಲ್ಲೇ ಆರಬಹುದು. ಏಳು ಪಿನ್‌ನಿಂದ 13 ಪಿನ್‌ಗೆ ಬದಲಿಸುವ ಅಡಾಪ್ಟರ್ ಸಾಕೆಟ್‌ನಿಂದ ಹೊರಚಾಚಿರುವುದರಿಂದ ಹಡಗಿನ ಇಳಿಜಾರು ಹಲಗೆಗೆ ತಗಲುವ ಸಂಭವವಿದೆ. ನೀರು ಮತ್ತು ಉಪ್ಪಿನಿಂದ ಪಿನ್‌ಗಳಿಗೆ ಕಿಲುಬು ಹಿಡಿಯುವುದು ನಿಧಾನವಾಗಿ ನಡೆಯುವ ಹಾನಿ.

ದೋಷದ ಪತ್ತೆ

ಒಂದೇ ದೀಪ ಉರಿಯದಿದ್ದರೆ ಮೊದಲು ಬಲ್ಬನ್ನೂ ಬಳಿಕ ಫ್ಯೂಸನ್ನೂ ನೋಡಬೇಕು. ಇಂಡಿಕೇಟರ್ ಹಾಕಿದಾಗ ಹಿಂದೀಪವೂ ಮಿನುಗಿದರೆ ಅಥವಾ ಎಲ್ಲ ದೀಪಗಳೂ ಮಂಕಾದರೆ ಸಾಮಾನ್ಯವಾಗಿ 3ನೆಯ ಪಿನ್‌ನ ಅರ್ತ್ ಕೆಟ್ಟಿರುತ್ತದೆ. ಮರಳುವ ದಾರಿ ಇಲ್ಲದ ವಿದ್ಯುತ್ ಬೇರೆ ಬಲ್ಬ್‌ಗಳ ತಂತುಗಳ ಮೂಲಕ ಹರಿಯುವುದೇ ಈ ವಿಚಿತ್ರ ವರ್ತನೆಗೆ ಕಾರಣ. ಇದನ್ನು ತಿಳಿಯದೆ ಬಲ್ಬ್‌ಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗುವವರೇ ಹೆಚ್ಚು.

ದೋಷ ಕಾರಿನದೋ ಕ್ಯಾರವಾನ್‌ನದೋ ಎಂದು ಅರಿಯಲು ಕಾರಿನ ಸಾಕೆಟ್‌ನಲ್ಲಿ 3ನೆಯ ಪಿನ್ ಮತ್ತು ಉಳಿದ ಪಿನ್‌ಗಳ ನಡುವೆ ಮಲ್ಟಿಮೀಟರ್‌ನಿಂದ ಅಳೆಯಬಹುದು. ಆದರೆ ಕೆಲವು ಆಧುನಿಕ ಕಾರುಗಳ ನಿಯಂತ್ರಣ ಘಟಕವು ಕ್ಯಾರವಾನ್ ಜೋಡಿಸಿರುವುದನ್ನು ಗುರುತಿಸಿದ ನಂತರವಷ್ಟೇ ವಿದ್ಯುತ್ ಕಳುಹಿಸುತ್ತದೆ. ಅಂಥಲ್ಲಿ ಮೀಟರ್ ಶೂನ್ಯ ತೋರಿಸಿದರೂ ಕಾರು ಸರಿಯಾಗಿರಬಹುದು. ಶಿಬಿರತಾಣದಲ್ಲಿ ಮತ್ತೊಬ್ಬರ ಕಾರಿಗೆ ಕ್ಯಾರವಾನ್ ಜೋಡಿಸಿ ನೋಡುವುದು ಹೆಚ್ಚು ಖಚಿತವಾದ ವಿಧಾನ.

ದುರಸ್ತಿ

ಐಎಸ್ಒ ಮಾನಕ ಯುರೋಪಿನಾದ್ಯಂತ ಒಂದೇ ಆಗಿರುವುದರಿಂದ, ವಿದೇಶದಲ್ಲೂ ವಾಹನ ಬಿಡಿಭಾಗಗಳ ಅಂಗಡಿಯಲ್ಲಿ ಬದಲಿ ಪ್ಲಗ್ ಸಿಗುತ್ತದೆ. ಕೆಲಸಕ್ಕೆ ಮೊದಲು ಕಾರಿನಿಂದ ಪ್ಲಗ್ ಬಿಡಿಸಿ, ಕ್ಯಾರವಾನ್‌ನ ಬ್ಯಾಟರಿಯನ್ನೂ ಬೇರ್ಪಡಿಸಬೇಕು. ಹಾಳಾದ ಭಾಗವನ್ನು ಕತ್ತರಿಸಿ, ಉಳಿದ ಕೇಬಲ್‌ನ ಉದ್ದ ತಿರುವಿಗೆ ಸಾಲುವುದೇ ಎಂದು ಪರೀಕ್ಷಿಸಿ, ತಂತಿಗಳನ್ನು ತಿರುಪುಗಳಿಗೆ ಬಿಗಿಯಬೇಕು. ಹಳೆಯ ಕ್ಯಾರವಾನ್‌ಗಳಲ್ಲಿ ತಂತಿಯ ಬಣ್ಣ ಮಾನಕಕ್ಕೆ ಹೊಂದದಿರಬಹುದಾದ್ದರಿಂದ ಹಳೆಯ ಪ್ಲಗ್‌ನ ಪಿನ್ ಸಂಖ್ಯೆಗಳನ್ನು ಬರೆದಿಟ್ಟುಕೊಂಡೇ ಬಿಚ್ಚುವುದು ಒಳ್ಳೆಯದು. ಮೂರು ಅರ್ತ್ ತಂತಿಗಳನ್ನು ಕ್ಯಾರವಾನ್ ಬದಿಯಲ್ಲಿ ಒಂದಕ್ಕೊಂದು ಸೇರಿಸಕೂಡದು.

ಸಮಯವಿಲ್ಲದಿದ್ದರೆ 1ರಿಂದ 7ರವರೆಗಿನ ಪಿನ್‌ಗಳಿಗೆ ಆದ್ಯತೆ ನೀಡಬಹುದು. ಬಿಟ್ಟ ತಂತಿಗಳ ತುದಿಗಳನ್ನು ಪ್ರತ್ಯೇಕವಾಗಿ ನಿರೋಧಕ ಪಟ್ಟಿಯಿಂದ ಸುತ್ತಬೇಕು. ಫ್ರಿಜ್ ದಾರಿಯಲ್ಲಿ ತಂಪು ಕೊಡದು, ಅಷ್ಟೆ. ಆದರೆ ಕ್ಯಾರವಾನ್ ಓಲಾಟವನ್ನು ತಡೆಯುವ ವಿದ್ಯುನ್ಮಾನ ಸಾಧನವಿದ್ದು ಅದು 9ನೆಯ ಪಿನ್‌ನಿಂದ ವಿದ್ಯುತ್ ಪಡೆಯುತ್ತಿದ್ದರೆ ಅದೂ ನಿಲ್ಲುತ್ತದೆ. ಆಗ ವೇಗ ತಗ್ಗಿಸುವುದು ಅನಿವಾರ್ಯ. ಕ್ಯಾರವಾನ್‌ನ ಒಳಗಿನ ತಂತಿಗಳೇ ಕೆಟ್ಟಿದ್ದರೆ, ದೀಪಗಳಿರುವ ಹಲಗೆಯೊಂದನ್ನು ಹಿಂಭಾಗಕ್ಕೆ ಕಟ್ಟಿ ಅದರ ಉದ್ದನೆಯ ಕೇಬಲ್ಲನ್ನು ನೇರವಾಗಿ ಕಾರಿಗೆ ಜೋಡಿಸಬಹುದು.

ದೋಷ ಹೆದ್ದಾರಿಯಲ್ಲೇ ಕಂಡುಬಂದರೆ ದುರಸ್ತಿಗೆ ಇಳಿಯಬಾರದು. ಫ್ರಾನ್ಸಿನಲ್ಲಿ ಪ್ರತಿಫಲನ ಅಂಗಿ ಮತ್ತು ಎಚ್ಚರಿಕೆಯ ತ್ರಿಕೋನ ವಾಹನದಲ್ಲಿರುವುದು ಕಡ್ಡಾಯ. ಅಲ್ಲಿನ ಮೋಟಾರು ಹೆದ್ದಾರಿಗಳಲ್ಲಿ ಅಧಿಕೃತ ಸಂಸ್ಥೆಗಳು ಮಾತ್ರ ವಾಹನವನ್ನು ಎಳೆದೊಯ್ಯಬಹುದಾದ್ದರಿಂದ, ಸ್ವದೇಶದ ವಿಮಾ ಕಂಪನಿಗೆ ಕರೆ ಮಾಡುವ ಮೊದಲು ರಸ್ತೆಬದಿಯ ಎಸ್‌ಒಎಸ್ ದೂರವಾಣಿಯನ್ನು ಅಥವಾ 112 ಸಂಖ್ಯೆಯನ್ನು ಬಳಸಬೇಕು.

ಇತರ ಖಂಡಗಳು

ಯುರೋಪಿನ ಸಾಮಾನ್ಯ ಕ್ಯಾರವಾನ್‌ಗಳ ಬ್ರೇಕ್ ಯಾಂತ್ರಿಕವಾದದ್ದು. ಪ್ಲಗ್ ಕೆಟ್ಟರೂ ಅದು ಕೆಲಸ ಮಾಡುತ್ತದೆ. ಉತ್ತರ ಅಮೆರಿಕದ ಏಳು ಪಟ್ಟಿಗಳ ಪ್ಲಗ್‌ನಲ್ಲಿ ವಿದ್ಯುತ್ ಬ್ರೇಕಿನ ತಂತಿಯೂ ಸೇರಿರುತ್ತದೆ. ಆಸ್ಟ್ರೇಲಿಯದಲ್ಲೂ ವಿದ್ಯುತ್ ಬ್ರೇಕ್‌ಗಳ ಬಳಕೆ ವ್ಯಾಪಕವಾಗಿದೆ. ಅಲ್ಲಿ ಬಾಡಿಗೆಗೆ ಪಡೆದ ಕ್ಯಾರವಾನ್‌ನ ಪ್ಲಗ್ ಹಾಳಾದರೆ ದೀಪದ ಜೊತೆಗೆ ಬ್ರೇಕೂ ಇಲ್ಲವಾಗುತ್ತದೆ. ದೀಪಗಳ ಹಲಗೆ ಕಟ್ಟಿ ಮುಂದುವರಿಯುವ ಉಪಾಯ ಅಲ್ಲಿಗೆ ಸಲ್ಲದು.